ಹತ್ತಕ್ಕೆ ನಾಲ್ಕು ಕೊಟ್ಟ ಗಂಡ

ಜೂನ್ ೩

ಪಾಸಾದೆ ರೀ, ಪಾಸಾದೆ, ಪಾಸಾದೆ! ಮೊದಲ ಸುತ್ತು ದಾಟಿದೆ! ಪಟ್ಟಿಯಲ್ಲಿ ನನ್ನ ನಂಬರ್ ಕಂಡಾಗ ಎಷ್ಟು ಜೋರಾಗಿ ಕೂಗಿಕೊಂಡೆ ಅಂದರೆ, ಹಾಸ್ಟೆಲ್ ವಾರ್ಡನ್ ಹಾವು ಬಂತೆಂದು ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರನ್ನೇ ತಬ್ಬಿಕೊಂಡೆ. ನೀವು ಇಲ್ಲಿರಲಿಲ್ಲವಲ್ಲ, ಯಾರನ್ನಾದರೂ ತಬ್ಬಿಕೊಳ್ಳಲೇಬೇಕಿತ್ತು.

ಈಗ ಗಂಭೀರವಾಗುತ್ತೇನೆ. ಆಡಳಿತ ಸೇವೆಯ ಮುಖ್ಯ ಪರೀಕ್ಷೆ ಶುರುವಾಗುವುದು ಅಕ್ಟೋಬರ್ ಮೊದಲ ವಾರ. ವಯಸ್ಸಿನ ಮಿತಿ ಹಿಡಿದರೆ ನನಗೆ ಇದೇ ಕೊನೆಯ ಸಲ. ಅಪ್ಪನ ಪಿಂಚಣಿ ಕಡತ ಹುಡುಕಿಕೊಂಡು ಅಮ್ಮನ ಜೊತೆ ಆ ಕಚೇರಿಯಲ್ಲಿ ಕಿಟಕಿಯಿಂದ ಕಿಟಕಿಗೆ ಅಲೆದ ಕಥೆ ನಿಮಗೆ ಗೊತ್ತು. ಒಬ್ಬ ಅಧಿಕಾರಿ ಎದ್ದು ಹೊರಗೆ ಬಂದು, ‘ಕೂತ್ಕೊಳ್ಳಿ ಅಮ್ಮ, ನಾನು ನೋಡ್ತೀನಿ’ ಎಂದಿದ್ದರು. ಅಂದಿನಿಂದ ನನಗೆ ಆ ಕುರ್ಚಿ ಬೇಕು. ಈ ಸಲ ತಪ್ಪಿದರೆ ಅದು ಬೇರೆಯವರ ಕುರ್ಚಿಯಾಗಿಯೇ ಉಳಿಯುತ್ತದೆ.

ಮೊದಲ ಸುತ್ತಿನಲ್ಲಿ ಟಿಕ್ ಹಾಕಿದರೆ ಸಾಕಿತ್ತು. ಇದರಲ್ಲಿ ಕೂತು ಬರೆಯಬೇಕು! ಆಫೀಸಿನಲ್ಲಿ ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿದ ಬೆರಳುಗಳು ಪೆನ್ನು ಕಂಡರೆ ಮುಷ್ಕರ ಹೂಡುತ್ತವೆ. ಸಾಲದ್ದಕ್ಕೆ ನಾನು ಉತ್ತರಗಳನ್ನು ಇಂಗ್ಲಿಷಿನಲ್ಲಿ ಬರೆಯದೆ ನಮ್ಮ ಭಾಷೆಯಲ್ಲೇ ಬರೆಯಲು ನಿರ್ಧರಿಸಿದ್ದೇನೆ. ನಗಬೇಡಿ. ಎಪ್ಪತ್ತೊಂಬತ್ತು ಎನ್ನುವ ಬದಲು ಈಗಲೂ ‘ಸೆವೆಂಟಿ ನೈನ್’ ಎನ್ನುತ್ತೇನೆ, ನಿಜ. ಆದರೆ ಜಗಳವಾಡುವುದು ಈ ಭಾಷೆಯಲ್ಲಿ, ವಾದ ಹೊಳೆಯುವುದೂ ಇದರಲ್ಲೇ.

ಆದ್ದರಿಂದ ಫೋನನ್ನು ವಾರ್ಡನ್‌ಗೆ ಒಪ್ಪಿಸಿದ್ದೇನೆ. ನಿಮ್ಮ ಸೇತುವೆ ಕೆಲಸದ ಕಣಿವೆಯಲ್ಲಿ ಸಿಗ್ನಲ್ಲೇ ಇಲ್ಲ, ಇದ್ದೂ ಏನು ಪ್ರಯೋಜನ? ಇನ್ನು ಮುಂದೆ ಕೈಬರಹದ ಪತ್ರ. ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಆರಿಸಿ ಬರೆದ ಉತ್ತರಗಳು. ನೀವು ಓದಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಕಟ್ಟುನಿಟ್ಟಾಗಿ! ಕಾಂಕ್ರೀಟ್ ಪರೀಕ್ಷೆ ಮಾಡುವ ಇಂಜಿನಿಯರ್‌ಗೆ ಹೆಂಡತಿಯ ಉತ್ತರ ಪರೀಕ್ಷೆ ಮಾಡುವುದು ಯಾವ ಲೆಕ್ಕ?

ಎರಡು ಉತ್ತರ ಇಟ್ಟಿದ್ದೇನೆ. ಮದುವೆಯಾಗಿ ಎರಡು ತಿಂಗಳೂ ತುಂಬದ ನಿಮ್ಮ ಹೆಂಡತಿ ಈಗ ಮೊದಲ ಸುತ್ತು ದಾಟಿದವಳು ಎಂದು ಸೈಟಿನಲ್ಲಿ ಎಲ್ಲರಿಗೂ ಹೇಳಿ. ಕ್ರೇನ್ ಓಡಿಸುವವನಿಗೂ.

ನಿಮ್ಮವಳು (ಕುಣಿಯುತ್ತಾ)


ಜೂನ್ ೧೨

ಆಫೀಸರಮ್ಮನಿಗೆ,

ಕ್ರೇನಿನವನಿಗೂ ಹೇಳಿದೆ. ಅವನು ಹಾರ್ನ್ ಹೊಡೆದ. ಮೇಸ್ತ್ರಿ ಬಂದು, ‘ಅಮ್ಮಾವ್ರು ಸಾಹೇಬ್ರಾದ್ರೆ ನೀವು ಏನಾಗ್ತೀರಿ ಸಾರ್?’ ಎಂದು ಕೇಳಿದ. ಖುಷಿಗೆ ಅವನಿಗೊಂದು ಟೀ ಕೊಡಿಸಿದೆ.

ನನಗೆ ಪತ್ರ ಬರೆಯಲು ಬರುವುದಿಲ್ಲ. ನೀನು ಎಂಟು ಪುಟ ಬರೆದಿದ್ದೀಯ, ಮೂರು ಸಲ ಓದಿದೆ. ಮಂಗಳವಾರ ಜೀಪು ಪೇಟೆಗೆ ಹೋಗಿ ಟಪಾಲು ತರುತ್ತದೆ. ಈಗ ಸೈಟಿನಲ್ಲಿ ನನಗೆ ವಾರವೆಂದರೆ ಮಂಗಳವಾರವೇ.

ಎರಡೂ ಉತ್ತರಕ್ಕೆ ಒಂಬತ್ತು. ಭಾಷೆ ಚೆನ್ನಾಗಿದೆ. ಅಕ್ಷರ ಸ್ವಲ್ಪ ದೊಡ್ಡದಾಗಲಿ.


ಜೂನ್ ೨೪

ಒಂಬತ್ತು! ಒಂಬತ್ತು ಮತ್ತು ಒಂಬತ್ತು! ನೀವು ಅಂಕ ಬರೆದ ಕಾಗದವನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿದ್ದೇನೆ.

ನನ್ನ ರೂಮ್‌ಮೇಟ್ ಬಗ್ಗೆ ಹೇಳಲೇ ಇಲ್ಲ. ಏಳುವುದು, ಓದುವುದು, ಮಲಗುವುದು ಎಲ್ಲ ನಿಮಿಷ ತಪ್ಪದೆ ಮಾಡುತ್ತಾಳೆಂದು ಇಡೀ ಹಾಸ್ಟೆಲ್ ಅವಳನ್ನು ‘ಗಡಿಯಾರ’ ಎಂದೇ ಕರೆಯುವುದು. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಈ ಪರೀಕ್ಷೆಗೆ ಮೂರನೇ ಸಲ ಕೂರುತ್ತಿದ್ದಾಳೆ. ಒಂದು ವಿಷಯಕ್ಕೆ ಒಂದೇ ಪುಸ್ತಕ, ಅದನ್ನೇ ಮತ್ತೆ ಮತ್ತೆ ಓದುವುದು, ವಾರಕ್ಕೊಂದು ದಿನ ಓದಿದ್ದನ್ನು ಪುಸ್ತಕ ಮುಚ್ಚಿ ಬರೆಯುವುದು. ಅವಳನ್ನು ನೋಡಿ ನಾನೂ ಕಲಿತೆ. ಮೊದಲು ಒಂದೊಂದು ವಿಷಯಕ್ಕೆ ನಾಲ್ಕು ಪುಸ್ತಕ ಕೊಂಡು, ನಾಲ್ಕರಲ್ಲೂ ಮೊದಲ ಅಧ್ಯಾಯವನ್ನು ಬಣ್ಣಬಣ್ಣದ ಪೆನ್ನಿನಲ್ಲಿ ಗೀಚಿ ಇಟ್ಟಿದ್ದೆ. ನಾಲ್ಕರಲ್ಲೂ ಎರಡನೇ ಅಧ್ಯಾಯ ಕನ್ಯೆಯಂತೆ ಹಾಗೇ ಕೂತಿತ್ತು! ಈಗ ಒಂದೊಂದೇ ಉಳಿಸಿಕೊಂಡು ಮಿಕ್ಕವನ್ನೆಲ್ಲ ಕೆಳಗಿನ ಲೈಬ್ರರಿಗೆ ಕೊಟ್ಟೆ. ಬೆಳಿಗ್ಗೆ ಪೇಪರ್ ಓದಿ ಅರ್ಧ ಪುಟದಲ್ಲಿ ಟಿಪ್ಪಣಿ. ಮಧ್ಯಾಹ್ನ ನಿದ್ದೆ ಬಂದರೆ ನಿದ್ದೆ. ಸಂಜೆ ವಾಕಿಂಗ್. ಎಲ್ಲ ಸರಿಯಾಗಿ ನಡೆದಿದೆ ರೀ, ಎಷ್ಟು ಸರಿಯಾಗಿ ಅಂದರೆ ನನಗೇ ನನ್ನ ಮೇಲೆ ಪ್ರೀತಿ ಬಂದಿದೆ.

ಒಂದು ಮಾತ್ರ ಬೇಡವೆಂದುಬಿಟ್ಟೆ. ಬೀದಿಯ ಕೊನೆಯಲ್ಲಿ ಒಬ್ಬ ಮೇಡಂ ಶನಿವಾರ ಶನಿವಾರ ಅಣಕು ಪರೀಕ್ಷೆ ನಡೆಸುತ್ತಾರೆ. ಕೆಂಪು ಪೆನ್ನಿನಲ್ಲಿ ಉತ್ತರಪತ್ರಿಕೆಯನ್ನು ಕೊಂದೇ ಹಾಕುತ್ತಾರಂತೆ. ನಾನು ಹೋಗುವುದಿಲ್ಲ ಎಂದಾಗ ಗಡಿಯಾರ ಕೇಳಿದಳು, ‘ಯಾಕೆ?’

‘ನಂಗೆ ಮನೇಲೇ ಮೌಲ್ಯಮಾಪಕರಿದ್ದಾರೆ.’

‘ಯಾರು, ಯಜಮಾನ್ರಾ? ಗಂಡ ಕೊಟ್ಟ ಒಂಬತ್ತು ಪರೀಕ್ಷೆ ಹಾಲ್‌ನಲ್ಲಿ ನಡೆಯಲ್ಲ ಕಣೇ, ತಾಯಿ.’

‘ನಿನಗೆ ಹೊಟ್ಟೆಕಿಚ್ಚು.’

‘ಇರ್ಬಹುದು. ನಂಗೆ ಗಂಡ ಇಲ್ಲ, ಅದಕ್ಕೇ ಮೇಡಂ ಹತ್ರ ಹೋಗ್ತೀನಿ.’

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಇದರೊಂದಿಗೆ ಒಂದು ಉತ್ತರ ಇದೆ: ‘ಸಣ್ಣ ಪಟ್ಟಣಗಳ ಕುಡಿಯುವ ನೀರಿನ ಯೋಜನೆಗಳು ಏಕೆ ಅರ್ಧಕ್ಕೆ ನಿಲ್ಲುತ್ತವೆ? ಪರಿಶೀಲಿಸಿ.’ ನಾನು ಈವರೆಗೆ ಬರೆದದ್ದರಲ್ಲಿ ಇದೇ ಉತ್ತಮ. ಓದಿ ಬಾಯಾರದಿದ್ದರೆ ಹೇಳಿ!


ಜುಲೈ ೪

ಆಫೀಸರಮ್ಮನಿಗೆ,

ನೀರಿನ ಉತ್ತರಕ್ಕೆ ಒಂಬತ್ತೂವರೆ. ಆರಂಭ ಬಹಳ ಚೆನ್ನಾಗಿದೆ.

ಇಲ್ಲಿ ಮೂರನೇ ಕಂಬಕ್ಕೆ ಕಾಂಕ್ರೀಟ್ ಹಾಕುತ್ತಿದ್ದೇವೆ. ಆ ಶನಿವಾರದ ಮೇಡಂ ಹತ್ತಿರ ಒಂದು ಸಲ ಹೋಗಿ ನೋಡಬಹುದಿತ್ತೇನೋ. ಇರಲಿ ಬಿಡು, ನಿನಗೆ ತೋಚಿದ ಹಾಗೆ ಮಾಡು.


ಜುಲೈ ೧೪

ನೀರಿನ ಉತ್ತರವನ್ನು ಮತ್ತೆ ಓದಿದೆ. ಒಂಬತ್ತೂವರೆ ಸರಿಯಲ್ಲ. ನಾಲ್ಕು.

ಕೇಳಿದ್ದು ಪೈಪಿನಲ್ಲಿ ನೀರು ಯಾಕೆ ಬರುತ್ತಿಲ್ಲ ಅಂತ. ನೀನು ನೀರಿನ ಮಹಿಮೆ ಹೇಳಿದ್ದೀಯ.

ಜೀಪು ಹೊರಟಿದೆ. ಉಳಿದದ್ದು ಆಮೇಲೆ.


ಜುಲೈ ೧೮

ಇಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ,

ನಾಲ್ಕು ಸಾಲಿನ ಪತ್ರ, ಸಾಲಿಗೊಂದರಂತೆ ನಾಲ್ಕು ಅಂಕ. ಸಿಕ್ಕಿತು. ವಂದನೆಗಳು.

ಹತ್ತು ದಿನದಲ್ಲಿ ನನ್ನ ಉತ್ತರದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಅಂದರೆ ಬದಲಾದದ್ದು ನೀವು. ಏನು ತಪ್ಪು ಮಾಡಿದೆ? ಕೂತು ಯೋಚಿಸಿದೆ. ನಿಮ್ಮ ಹುಟ್ಟಿದ ದಿನದ ಕಾರ್ಡು ಎರಡು ದಿನ ತಡವಾಗಿ ಕಳಿಸಿದೆ, ಅದಕ್ಕಾ? ಮದುವೆ ಫೋಟೋದಲ್ಲಿ ನಿಮ್ಮ ಮೀಸೆ ಬಾಡಿಗೆಗೆ ತಂದ ಹಾಗಿದೆ ಎಂದೆ, ಅದಕ್ಕಾ? ಸೈಟಿಗೆ ಹೊರಡುವಾಗ ಜುಲೈನಲ್ಲಿ ಬಂದು ಹೋಗು ಎಂದಿರಿ, ಓದು ಕೆಡುತ್ತದೆ ಎಂದು ಬರಲಿಲ್ಲ. ಅದಕ್ಕೇ ಇರಬೇಕು. ಕೋಪ ಇದ್ದರೆ ಕೋಪ ಅಂತ ಬರೆಯಿರಿ. ಪಾಪದ ನೀರಿನ ಯೋಜನೆಯ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ?

ಅತ್ತೆ ವಾರ್ಡನ್ ಫೋನಿಗೆ ಕರೆ ಮಾಡಿದ್ದರು. ಅವರ ಮುಂದೆ ಅಳಬಾರದು ಅಂದುಕೊಂಡೇ ಅತ್ತುಬಿಟ್ಟೆ.

‘ಅತ್ತೆ, ನಿಮ್ಮ ಮಗನಿಗೆ ನನ್ನ ಮೇಲೆ ಸಿಟ್ಟು ಬಂದಿದೆ.’

‘ಸಿಟ್ಟಾ? ಅವನಿಗಾ? ಚಿಕ್ಕೋನಿದ್ದಾಗ ಪಕ್ಕದ್ಮನೆ ಹುಡುಗನ ಹತ್ರ ಏಟು ತಿಂದು, ಅವನ ಕೈಗೇ ಬಿಸ್ಕತ್ತು ಕೊಟ್ಟು ಬಂದೋನು ಅವನು. ಸಿಟ್ಟು ಬಂದಿದ್ರೆ ನಂಗೆ ಫೋನ್ ಮಾಡು, ಬಂದು ನೋಡ್ತೀನಿ, ಹೇಗಿರುತ್ತೆ ಅಂತ.’

‘ಹಾಗಾದ್ರೆ ನಾಲ್ಕು ಯಾಕೆ ಕೊಟ್ಟರು?’

‘ನಂಗೇನು ಗೊತ್ತು ಮಗಾ? ಉತ್ತರ ಹೇಗಿತ್ತು?’

ಆ ಪ್ರಶ್ನೆ ನನಗೆ ಹಿಡಿಸಲಿಲ್ಲ.

ನನಗೆ ಒಂದೇ ವಿಷಯ ತಿಳಿಯಬೇಕು. ಒಂಬತ್ತೂವರೆ ಕೊಟ್ಟ ಗಂಡ ನನ್ನವನೋ, ನಾಲ್ಕು ಕೊಟ್ಟ ಗಂಡ ನನ್ನವನೋ? ಇಬ್ಬರೂ ಎನ್ನಬೇಡಿ. ಗೋಡೆಯ ಮೇಲೆ ಒಬ್ಬನಿಗೇ ಜಾಗ ಇದೆ.


ಜುಲೈ ೨೭

ನಿನಗೆ,

ಕೋಪ ಇಲ್ಲ. ಆ ದಿನ ಜೀಪು ನಿಂತಿತ್ತು, ಚಾಲಕ ಅವಸರ ಮಾಡುತ್ತಿದ್ದ. ಬರೆದದ್ದನ್ನು ಹರಿಯಬೇಕೆನಿಸಿತು, ಹರಿದರೆ ಮತ್ತೆ ಬರೆಯುವ ಧೈರ್ಯ ಬಾರದು ಅಂತ ಹಾಗೇ ಹಾಕಿಬಿಟ್ಟೆ.

ಅದಕ್ಕೆ ಹಿಂದಿನ ದಿನ ಏನಾಯಿತು ಎಂದು ಹೇಳುತ್ತೇನೆ. ನಮ್ಮ ಕೆಲಸ ನಿನಗೆ ಗೊತ್ತಲ್ಲ. ಕಂಬಕ್ಕೆ ಹಾಕುವ ಕಾಂಕ್ರೀಟಿನಿಂದಲೇ ಸ್ವಲ್ಪ ತೆಗೆದು ಅಚ್ಚಿನಲ್ಲಿ ಕ್ಯೂಬ್ ಮಾಡುತ್ತೇವೆ. ನೀರಿನ ತೊಟ್ಟಿಯಲ್ಲಿ ಇಟ್ಟು, ಆಮೇಲೆ ಯಂತ್ರದಲ್ಲಿ ಒಡೆಯುವವರೆಗೂ ಒತ್ತುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತೋ ಅದೇ ಕಂಬದ ಬಲ. ಮೂರನೇ ಕಂಬದ ಕ್ಯೂಬುಗಳು ಬೇಗ ಒಡೆದವು. ಆ ಭಾಗವನ್ನು ಕಿತ್ತು ಮತ್ತೆ ಹಾಕಬೇಕು ಎಂದೆ.

ಮೇಸ್ತ್ರಿ ಕೈ ಹಿಡಿದ. ‘ಸಾರ್, ಸ್ವಲ್ಪದ್ರಲ್ಲಿ ತಪ್ಪಿದೆ. ನೋಡಿ ಬರ್ಕೊಳ್ಳಿ. ಹೊಸದಾಗಿ ಮದುವೆ ಆಗಿದೀರಿ, ಮನಸ್ಸು ಮೆತ್ತಗಿರ್ಬೇಕು.’

‘ಮನಸ್ಸು ಮೆತ್ತಗಿರ್ಲಿ ಮೇಸ್ತ್ರಿ, ಕಂಬ ಮೆತ್ತಗಿರ್ಬಾರ್ದು.’

ಸುತ್ತ ನಿಂತವರೆಲ್ಲ ನಕ್ಕರು. ನಾನು ಎದೆಯುಬ್ಬಿಸಿಕೊಂಡು ಕ್ಯಾಬಿನ್ನಿಗೆ ಬಂದೆ. ಮೇಜಿನ ಮೇಲೆ ನಿನ್ನ ಉತ್ತರ ಇತ್ತು. ಕೈ ತೊಳೆಯದೆ, ಅದೇ ಧೂಳಿನ ಕೈಯಲ್ಲಿ ಓದಿದೆ. ಮೊದಲ ಪುಟವಿಡೀ ಜೀವಜಲ, ಸಂಸ್ಕೃತಿ, ನದಿಯ ತಾಯ್ತನ. ಎರಡನೇ ಪುಟದ ಕೊನೆಯಲ್ಲಿ, ಜಾಗ ಮುಗಿಯುವಾಗ, ಯೋಜನೆ ಯಾಕೆ ನಿಂತಿತು ಎಂಬುದಕ್ಕೆ ಎರಡು ಸಾಲು. ನೀನು ಕಚೇರಿಯ ಕುರ್ಚಿಯಲ್ಲಿ ಕೂತಿರುವಾಗ ಯಾರಾದರೂ ಖಾಲಿ ಕೊಡ ಹಿಡಿದು ಬಂದರೆ ಅವರಿಗೆ ನೀರಿನ ಮಹಿಮೆ ಹೇಳುತ್ತೀಯಾ?

ಮೊದಲ ಸಲ ಓದಿದಾಗಲೂ ನನಗೆ ಇದು ಕಂಡಿತ್ತು. ಆದರೂ ಒಂಬತ್ತೂವರೆ ಯಾಕೆ ಕೊಟ್ಟೆ ಅಂದರೆ, ಒಂಬತ್ತು ಕೊಟ್ಟರೆ ನಿನ್ನಿಂದ ಎಂಟು ಪುಟದ ಪತ್ರ ಬರುತ್ತಿತ್ತು. ಅಷ್ಟೇ.

ಮೇಡಂ ಹತ್ತಿರ ಹೋಗು.


ಆಗಸ್ಟ್ ೧೭

ನಿನಗೆ,

ಮೂರು ಮಂಗಳವಾರ ಕಳೆದವು. ಜೀಪು ಬರೀ ಕೈಯಲ್ಲಿ ಬರುತ್ತಿದೆ. ಅಮ್ಮನಿಗೆ ಪೇಟೆಯಿಂದ ಫೋನ್ ಮಾಡಿದೆ. ‘ಚೆನ್ನಾಗಿದ್ದಾಳೆ, ನಿಂಗೆ ಏನೂ ಹೇಳ್ಬೇಡಿ ಅಂದಿದ್ದಾಳೆ’ ಎಂದು ಹೇಳಿ ಇಟ್ಟುಬಿಟ್ಟರು. ನೀವಿಬ್ಬರೂ ಒಂದಾದರೆ ನನಗೆ ಉಳಿಗಾಲವಿಲ್ಲ ಎಂದು ಮದುವೆಯ ದಿನವೇ ಅನ್ನಿಸಿತ್ತು.

ಮೇಸ್ತ್ರಿ ದಿನವೂ ಕೇಳುತ್ತಾನೆ, ‘ಅಮ್ಮಾವ್ರ ಕಾಗದ ಬಂತಾ ಸಾರ್?’ ಇಲ್ಲ ಎಂದರೆ ಅವನ ಮುಖ ಅರಳುತ್ತದೆ. ‘ನನ್ನ ಕಂಬ ಒಡೆಸಿದ್ರಿ. ಈಗ ಗೊತ್ತಾಯ್ತಾ?’

ಓದು ಬಿಟ್ಟುಬಿಟ್ಟೆಯಾ? ಅದನ್ನು ಮಾತ್ರ ಹೇಳು. ಬೇಕಾದರೆ ನಾಲ್ಕನ್ನು ಐದು ಎಂದು ಓದಿಕೋ. ಇಲ್ಲ, ಬೇಡ, ನಾಲ್ಕೇ ಇರಲಿ. ಆದರೆ ಬರೆ.


ಆಗಸ್ಟ್ ೨೬

ರೀ,

ಓದು ಬಿಟ್ಟಿಲ್ಲ. ಒಂದು ಮಧ್ಯಾಹ್ನ ಮಾತ್ರ ಬಿಟ್ಟಿದ್ದೆ. ನಿಮ್ಮ ಪತ್ರ ಓದಿ, ಗೋಡೆಯ ಮೇಲಿನ ಒಂಬತ್ತುಗಳನ್ನೆಲ್ಲ ಕಿತ್ತು, ಸೂಟ್‌ಕೇಸಿಗೆ ಬಟ್ಟೆ ತುಂಬಿದೆ. ಗಡಿಯಾರ ಮಂಚದ ಮೇಲೆ ಕೂತು ನೋಡುತ್ತಿದ್ದಳು.

‘ಎಲ್ಲಿಗೆ?’

‘ಮನೆಗೆ. ನಂಗೆ ಬರೆಯೋಕೆ ಬರಲ್ಲ.’

‘ಬರಲ್ಲ ಅಂತ ಈಗ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು. ನಂಗೆ ಇದು ಗೊತ್ತಾಗೋಕೆ ಎರಡು ಸಲ ಫೇಲ್ ಆಗ್ಬೇಕಾಯ್ತು. ಆ ಹಳದಿ ಚೂಡಿದಾರ ನಂದು, ತೆಗೆದಿಡು.’

ಚೂಡಿದಾರ ತೆಗೆದಿಟ್ಟೆ. ಆಮೇಲೆ ಉಳಿದದ್ದನ್ನೂ ಒಂದೊಂದಾಗಿ ತೆಗೆದಿಟ್ಟೆ.

ಶನಿವಾರ ನೀರಿನ ಉತ್ತರವನ್ನು ಮೇಡಂ ಮುಂದೆ ಇಟ್ಟೆ. ಯಾರು ಎಷ್ಟು ಕೊಟ್ಟರು ಎಂದು ಹೇಳಲಿಲ್ಲ. ಅವರು ಓದುತ್ತಾ ಓದುತ್ತಾ ಕನ್ನಡಕ ತೆಗೆದರು. ‘ಏನಮ್ಮಾ, ಪ್ರಶ್ನೆ ಬಾಗಿಲಲ್ಲಿ ನಿಂತಿದೆ. ನೀನು ಅದಕ್ಕೆ ನಮಸ್ಕಾರ ಹೇಳಿ ಪಕ್ಕದ ಮನೆಗೆ ಹೋಗಿ ಕೂತಿದೀಯಲ್ಲ!’ ಮೂರೂವರೆ ಕೊಟ್ಟರು. ನೀವು ಅರ್ಧ ಅಂಕ ಜಾಸ್ತಿ ಕೊಟ್ಟಿದ್ದಿರಿ ರೀ. ಈಗಲೂ ಪಕ್ಷಪಾತ!

ಆವತ್ತಿನಿಂದ ಪ್ರತಿ ಶನಿವಾರ ಹೋಗಿದ್ದೇನೆ. ಈಗ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಪ್ರಶ್ನೆಯನ್ನೇ ಎರಡು ಸಲ ಓದುತ್ತೇನೆ. ಏನು ಕೇಳಿದ್ದಾರೆ, ಯಾಕೆ ಅಂತಲೋ, ಹೇಗೆ ಅಂತಲೋ, ಒಪ್ಪುತ್ತೀಯಾ ಅಂತಲೋ? ಅದರ ಕೆಳಗೆ ಗೆರೆ. ಅಂಚಿನಲ್ಲಿ ನಾಲ್ಕೈದು ಪದಗಳ ಅಸ್ಥಿಪಂಜರ. ಮೊದಲ ಸಾಲಿನಲ್ಲೇ ಉತ್ತರ. ಅಲಂಕಾರಕ್ಕೆ ಜಾಗ ಉಳಿದರೆ ನೋಡೋಣ ಅಂದುಕೊಂಡೆ, ಉಳಿಯುವುದೇ ಇಲ್ಲ. ನಮ್ಮ ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಆರಂಭ ಚೆನ್ನಾಗಿದ್ದರೆ ಮಿಸ್ ಕೆನ್ನೆ ತಟ್ಟುತ್ತಿದ್ದರು. ಕೆನ್ನೆ ತಟ್ಟಿಸಿಕೊಳ್ಳಲೆಂದೇ ಇಷ್ಟು ವರ್ಷ ಬರೆದೆ ಅನ್ನಿಸುತ್ತದೆ.

ಯಾಕೆ ಪತ್ರ ಬರೆಯಲಿಲ್ಲ ಎಂದು ಕೇಳಿದಿರಿ. ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. ಮೊದಲ ವಾರ ನಾಲ್ಕು ಕೊಟ್ಟದ್ದಕ್ಕೆ, ಎರಡನೇ ವಾರ ಒಂಬತ್ತು ಕೊಟ್ಟದ್ದಕ್ಕೆ. ಆಮೇಲೆ ಸಿಟ್ಟು ಕರಗಿತು, ಆಗಲೂ ಬರೆಯಲಿಲ್ಲ. ನಾನು ನಗುನಗುತ್ತಾ ಎಂಟು ಪುಟ ಬರೆದರೆ ನೀವು ಮತ್ತೆ ಮೆತ್ತಗಾಗುತ್ತೀರಿ. ನಿಮ್ಮ ಕೈ ಧೂಳಾಗಿಯೇ ಇರಲಿ ಅಂದುಕೊಂಡೆ.

ಹೊಸ ಪ್ರಶ್ನೆಗಳಿಗೆ ಮೂರು ಉತ್ತರ ಇಟ್ಟಿದ್ದೇನೆ. ಒಡೆಯುವವರೆಗೂ ಒತ್ತಿ ನೋಡಿ. ಇದು ಬೇಡಿಕೆ ಅಲ್ಲ, ಆಜ್ಞೆ.


ಸೆಪ್ಟೆಂಬರ್ ೫

ಆಫೀಸರಮ್ಮನಿಗೆ,

ಈ ಹೆಸರಿನಿಂದ ಮತ್ತೆ ಕರೆಯಬಹುದು ತಾನೆ?

ಮೊದಲನೆಯದಕ್ಕೆ ಐದೂವರೆ. ಎರಡನೆಯದಕ್ಕೆ ಆರು. ಮೂರನೆಯದಕ್ಕೆ ಏಳು ಕೊಡುತ್ತಿದ್ದೆ, ಕೊನೆಯ ಪ್ಯಾರಾದಲ್ಲಿ ‘ಹೊಸ ಬೆಳಗಿನತ್ತ’ ಎಂದು ಬರೆದಿದ್ದೀಯಲ್ಲ, ಅದಕ್ಕೆ ಅರ್ಧ ಕಡಿತ. ಅದನ್ನು ತೆಗೆದು ಆ ಜಾಗದಲ್ಲಿ ಯಾರು, ಯಾವಾಗ, ಯಾವ ಹಣದಿಂದ ಮಾಡಬೇಕು ಎಂದು ಬರೆ. ಉತ್ತರದ ಬುಡ ಗಟ್ಟಿಯಾಗಿದೆ.

ಮೂರನೇ ಕಂಬ ಮತ್ತೆ ಹಾಕಿದೆವು, ಕ್ಯೂಬು ನಿಂತಿತು. ಮೇಸ್ತ್ರಿ ತಾನೇ ಯಂತ್ರದ ಪಕ್ಕ ನಿಂತು, ‘ಇನ್ನೂ ಒತ್ತಿ ಸಾರ್, ಇನ್ನೂ ಒತ್ತಿ, ಬಿಡ್ಬೇಡಿ’ ಎನ್ನುತ್ತಿದ್ದ. ನಿನ್ನ ಪತ್ರ ಬಂತು ಎಂದು ಹೇಳಿದೆ. ‘ಎಷ್ಟು ಪುಟ?’ ಎಂದ. ‘ಮೂರು.’ ‘ಸಾಕು ಬಿಡಿ ಸಾರ್, ಜಾಸ್ತಿ ಆಸೆ ಪಡ್ಬೇಡಿ’ ಎಂದ.

ಪರೀಕ್ಷೆ ಮುಗಿಯುವವರೆಗೆ ನನಗೆ ಬರೆಯಬೇಡ. ಓದು.


ಅಕ್ಟೋಬರ್ ೯

ರೀ,

ಮುಗಿಯಿತು! ಇವತ್ತು ಕೊನೆಯ ಪತ್ರಿಕೆ. ಬೆರಳಿಗೆ ಶಾಯಿ ಹಿಡಿದಿದೆ, ಮಧ್ಯದ ಬೆರಳಲ್ಲಿ ಗಂಟು ಬಿದ್ದಿದೆ, ಆದರೂ ನಿಮಗೆ ಬರೆಯಲು ಕೈ ತಾನಾಗಿಯೇ ಓಡುತ್ತಿದೆ.

ಎಲ್ಲ ಚೆನ್ನಾಗಿ ಬಂತು ಎಂದು ಹೇಳುವುದಿಲ್ಲ. ಎರಡನೇ ದಿನ ಒಂದು ಪ್ರಶ್ನೆ ಬಂತು, ಜಿಲ್ಲಾ ಮಟ್ಟದ ಲೆಕ್ಕಪರಿಶೋಧನೆ ಬಗ್ಗೆ. ನನಗೆ ಗೊತ್ತಿದ್ದದ್ದು ಅರ್ಧ ಪುಟ. ಜೂನ್ ತಿಂಗಳ ನಾನಾಗಿದ್ದರೆ ‘ಪ್ರಾಮಾಣಿಕತೆಯೇ ಆಡಳಿತದ ಉಸಿರು’ ಎಂದು ಆರಂಭಿಸಿ ಮೂರು ಪುಟ ಕುಣಿಯುತ್ತಿದ್ದೆ. ಗೊತ್ತಿದ್ದ ಅರ್ಧ ಪುಟ ಬರೆದೆ, ಕೆಳಗೆ ಗೆರೆ ಎಳೆದೆ, ಮುಂದಿನ ಪ್ರಶ್ನೆಗೆ ಹೋದೆ. ಪಕ್ಕದ ಸಾಲಿನವರೆಲ್ಲ ಹೆಚ್ಚುವರಿ ಹಾಳೆ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಆ ಉಳಿದ ಸಮಯದಲ್ಲಿ ಕೊನೆಯ ಎರಡು ಉತ್ತರ ಪೂರ್ತಿಯಾದವು. ಒಂದು ಪ್ರಶ್ನೆಯನ್ನೂ ಬಿಟ್ಟು ಬಂದಿಲ್ಲ ರೀ.

ಹೊರಗೆ ಬಂದಾಗ ಗಡಿಯಾರ ಗೇಟಿನ ಹತ್ತಿರ ಕಾಯುತ್ತಿದ್ದಳು. ಗಡಿಯಾರ ಕಟ್ಟಿಕೊಳ್ಳುವುದನ್ನೇ ಮರೆತು ಬಂದಿದ್ದಳಂತೆ! ಪಕ್ಕದವನ ಕೈ ನೋಡಿ ನೋಡಿ ಬರೆದಳಂತೆ, ಸಮಯಕ್ಕಾಗಿ ಮಾತ್ರ. ಇಬ್ಬರೂ ರಸ್ತೆ ಬದಿಯಲ್ಲೇ ನಕ್ಕು ನಕ್ಕು ಕೂತೆವು. ಮೇಡಂ ಸ್ಕೂಟರಿನಲ್ಲಿ ಹೋಗುತ್ತಿದ್ದವರು ನಿಲ್ಲಿಸಿ, ‘ಹೇಗಾಯ್ತು?’ ಎಂದರು. ಹೇಳಿದೆ. ‘ಅರ್ಧ ಪುಟಕ್ಕೆ ಗೆರೆ ಎಳೆದ್ಯಾ?’ ಎಂದು ಕೇಳಿ, ಸ್ಕೂಟರ್ ಸ್ಟ್ಯಾಂಡ್ ಹಾಕಿ ಇಳಿದು ಬಂದು ಕೈ ಕುಲುಕಿದರು. ಅವರು ಯಾರ ಕೈಯನ್ನಾದರೂ ಕುಲುಕಿದ್ದನ್ನು ಗಡಿಯಾರ ಮೂರು ವರ್ಷದಲ್ಲಿ ಕಂಡಿಲ್ಲವಂತೆ.

ಇಷ್ಟು ದಿನ ನಿಮ್ಮಿಂದ ಅಂಕ ಕೇಳಿದೆ. ಈ ಸಲ ಕೇಳುವುದಿಲ್ಲ. ಹಾಲ್‌ನಿಂದ ಬಂದು ಪ್ರಶ್ನೆಪತ್ರಿಕೆ ಹರಡಿಕೊಂಡು ನಾನೇ ಹಾಕಿಕೊಂಡೆ, ಧೂಳಿನ ಕೈಯಲ್ಲಿ. ಕೆಲವಕ್ಕೆ ಏಳು, ಹೆಚ್ಚಿನವಕ್ಕೆ ಆರು, ಆ ಲೆಕ್ಕಪರಿಶೋಧನೆಗೆ ಮೂರು. ಕೂಡಿಸಿ ನೋಡಿದರೆ ಹೋದ ವರ್ಷದ ಕಟ್‌ಆಫ್ ಗೆರೆಯನ್ನು ದಾಟುತ್ತದೆ. ಒಂದು ಅಂಕವನ್ನೂ ನನಗೆ ನಾನೇ ಉಡುಗೊರೆ ಕೊಟ್ಟುಕೊಂಡಿಲ್ಲ. ಪಾಸಾಗುತ್ತೇನೆ ರೀ. ಕುಣಿಯದೆ, ಕೂತು, ಯೋಚಿಸಿ ಹೇಳುತ್ತಿದ್ದೇನೆ. (ಸರಿ, ಸ್ವಲ್ಪ ಕುಣಿಯುತ್ತಲೂ ಇದ್ದೇನೆ.) ಸಂದರ್ಶನದ ಕರೆ ಬಂದಾಗ ನನ್ನನ್ನು ಪ್ರಶ್ನೆ ಕೇಳಿ ಕಾಡಲು ಎದುರಿಗೆ ನೀವೇ ಕೂರಬೇಕು. ಮೆತ್ತಗಾದರೆ ಮೇಸ್ತ್ರಿಯನ್ನು ಕೂರಿಸಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಒಂಬತ್ತು ಕೊಟ್ಟದ್ದು ಉದ್ದನೆಯ ಪತ್ರದ ಆಸೆಗೆ ಎಂದು ಬರೆದಿದ್ದಿರಲ್ಲ, ಆ ಒಂದು ಸಾಲನ್ನು ಆಗ ಸಿಟ್ಟಿನಲ್ಲಿ ಓದಿದ್ದೆ. ಇವತ್ತು ಸಾವಕಾಶವಾಗಿ ಓದಿದೆ. ಅದಕ್ಕೆ ಹತ್ತಕ್ಕೆ ಹತ್ತು. ನಾನು ನಿಮ್ಮಷ್ಟು ಬಿಗಿ ಕೈಯವಳಲ್ಲ.

ರೂಮು ಖಾಲಿ ಮಾಡಿ ನಾಳೆ ಅತ್ತೆಯ ಹತ್ತಿರ ಹೋಗುತ್ತೇನೆ. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಂತೆ, ನಿಮ್ಮ ಬೈಗುಳದ ಭಾಗವನ್ನು ಎರಡು ಸಲ. ಈ ಕಾಗದ ಮಂಗಳವಾರದ ಜೀಪಿನಲ್ಲಿ ನಿಮ್ಮ ಕೈ ಸೇರುತ್ತದೆ. ಅಲ್ಲಿಂದ ಮೂರು ದಿನ ನಿಮಗೆ ಕ್ಯಾಬಿನ್ ಗುಡಿಸಲು ಸಮಯ ಇದೆ. ನಾನು ಬರುವುದು ಹದಿನಾರನೇ ತಾರೀಕು, ಶುಕ್ರವಾರ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ.